ಆರು ವರ್ಷದ ಮಗುವಿಗೂ ದುಃಖವಿರುತ್ತದೆಯೇ?

ಅಜ್ಜಿ ತೀರಿಕೊಂಡು ತಿಂಗಳಾಯಿತು, ಆರು ವರ್ಷದ ಮಗಳು ಒಮ್ಮೆ ಬಿಕ್ಕಿ ಬಿಕ್ಕಿ ಅತ್ತು ಐದೇ ನಿಮಿಷದಲ್ಲಿ ಕುಂಟೆಬಿಲ್ಲೆ ಆಡಲು ಓಡುತ್ತಾಳೆ, ಇದು ನಿಜವಾದ ದುಃಖವೇ, ಅವಳ ಮನಸ್ಸನ್ನು ಬೇರೆಡೆಗೆ ತಿರುಗಿಸಬೇಕೇ ಎಂದು ನೀವು ಕಾರವಾರದಿಂದ ಕೇಳಿದ್ದೀರಿ. ಶಿರಸಿ ಸೀಮೆಯ ಶಾಲೆಗಳಲ್ಲಿ ಒಂದನೆಯ, ಎರಡನೆಯ ತರಗತಿಯ ಮಕ್ಕಳ ಜೊತೆಗೇ ಬಹುಕಾಲ ಕಳೆದವಳು ನಾನು. ಅವಳ ದುಃಖ ನಿಜವಾದದ್ದೇ. ದೊಡ್ಡವರು ದಿನಗಟ್ಟಲೆ ದುಃಖದಲ್ಲಿ ಮುಳುಗಿರಬಲ್ಲರು; ಮಗು ತನಗೆ ತಾಳಲಾಗುವಷ್ಟು ಹೊತ್ತು ಅದರಲ್ಲಿದ್ದು ಆಟಕ್ಕೆ ಮರಳುತ್ತದೆ, ಮತ್ತೆ ಯಾವಾಗಲೋ ಅಳುತ್ತದೆ.

ನಮ್ಮ ಕಡೆ ಮಕ್ಕಳ ಬಾಯಲ್ಲಿ ಇದಕ್ಕೆಲ್ಲ ಇರುವುದು ‘ಬೇಜಾರು’ ಎಂಬ ಒಂದೇ ಮಾತು. ಆಡಲು ಜೊತೆಯಿಲ್ಲದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಜ್ಜಿ ಇಲ್ಲದ್ದಕ್ಕೂ ಬೇಜಾರು. ಎಷ್ಟೋ ಸಲ ಅಷ್ಟೂ ಹೇಳಲಾಗದೆ ಹೊಟ್ಟೆನೋವೆನ್ನುತ್ತವೆ, ಇಲ್ಲವೇ ಸಣ್ಣದಕ್ಕೂ ಸಿಡುಕುತ್ತವೆ. ಆಗ ಮುಖವನ್ನು ನೋಡಬೇಕು. ದುಃಖದಲ್ಲಿ ಹುಬ್ಬುಗಳ ಒಳತುದಿ ಮೇಲಕ್ಕೇರುತ್ತದೆ, ತುಟಿಯ ಅಂಚು ಇಳಿಯುತ್ತದೆ. ಹುಬ್ಬಿನ ಈ ಚಲನೆಯನ್ನು ಬೇಕೆಂದಾಗ ಮಾಡಬಲ್ಲವರು ಕಡಿಮೆ ಎಂಬುದನ್ನು ಡಾರ್ವಿನ್ 1872ರಲ್ಲಿಯೇ ಗುರುತಿಸಿದ್ದರು. ನಿಮ್ಮ ಮಗಳು ನಟಿಸುತ್ತಿದ್ದಾಳೆಂಬ ಅನುಮಾನವಿದ್ದರೆ ಅವಳ ಹುಬ್ಬನ್ನೊಮ್ಮೆ ಗಮನಿಸಿ.

ಭಯವು ಓಡಲು, ಕೋಪವು ಎದುರಿಸಲು ದೇಹವನ್ನು ಅಣಿಗೊಳಿಸುತ್ತದೆ. ಕಳೆದುಕೊಂಡದ್ದನ್ನು ಓಡಿಯೂ ಹೋರಾಡಿಯೂ ಮರಳಿ ಪಡೆಯಲಾಗದು ಎಂದಾದಾಗ ದುಃಖ ಬರುತ್ತದೆ. ಅದು ಮೈಯನ್ನು ನಿಧಾನಗೊಳಿಸಿ, ಹತ್ತಿರದವರನ್ನು ಕರೆಯುತ್ತದೆ. ನನಗೆ ಏಳು ವರ್ಷವಾಗಿದ್ದಾಗ ನಮ್ಮ ಮನೆಯ ಕರುವನ್ನು ಮಾರಿದರು. ಕೊಟ್ಟಿಗೆಯ ಗೂಟದಲ್ಲಿ ಉಳಿದಿದ್ದ, ಅದನ್ನು ಕಟ್ಟುತ್ತಿದ್ದ ಹಗ್ಗವನ್ನು ಹಿಡಿದು ಕುಳಿತಿದ್ದ ನನ್ನನ್ನು ಎಲ್ಲರೂ ‘ಬೇರೆ ಕರು ತರೋಣ’ ಎಂದು ಸಮಾಧಾನಪಡಿಸುತ್ತಿದ್ದರು. ಅದನ್ನು ಕೇಳಿದಷ್ಟೂ ನನ್ನ ಅಳು ಹೆಚ್ಚುತ್ತಿತ್ತು. ಅಡಿಕೆ ಸುಲಿಯುತ್ತಿದ್ದ ಅಜ್ಜಿ ಮಾತ್ರ ಮೆಟ್ಟುಗತ್ತಿಯನ್ನು ಬದಿಗಿಟ್ಟು ಬಂದು, ಪಕ್ಕದಲ್ಲಿ ಕುಳಿತು, ‘ಅದು ನಿನ್ನ ಕೈ ನೆಕ್ಕುತ್ತಿತ್ತು, ಅಲ್ಲವೇ’ ಎಂದಳು. ನಾನು ಇನ್ನಷ್ಟು ಅತ್ತೆ; ಆದರೆ ಆ ರಾತ್ರಿ ಊಟ ಮಾಡಿದೆ. ಮನಸ್ಸು ತಿರುಗಿಸುವುದರ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಉತ್ತರವೂ ಇದೇ: ಅವಳಾಗಿ ಆಟಕ್ಕೆ ಹೋದರೆ ಹೋಗಲಿ, ಅಳುವಾಗ ಮಾತ್ರ ದಯವಿಟ್ಟು ಚಾಕಲೇಟು, ಮೊಬೈಲು ಕೊಟ್ಟು ಬಾಯಿ ಮುಚ್ಚಿಸಬೇಡಿ.

ಅಜ್ಜಿ ಊರಿಗೆ ಹೋಗಿದ್ದಾಳೆ, ಮಲಗಿದ್ದಾಳೆ ಎಂದು ಅವಳಿಗೆ ಹೇಳಿರುವುದಾಗಿ ಬರೆದಿದ್ದೀರಿ. ಇದನ್ನು ಬೇಗ ತಿದ್ದಬೇಕು. ಸತ್ತವರು ಮರಳುವುದಿಲ್ಲ, ಅವರ ದೇಹಕ್ಕೆ ಹಸಿವು ನೋವುಗಳಿರುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ ಎಂಬುದು ಹೆಚ್ಚಿನ ಮಕ್ಕಳಿಗೆ ಐದರಿಂದ ಏಳು ವರ್ಷದೊಳಗೆ ಒಂದೊಂದಾಗಿ ತಿಳಿಯತೊಡಗುತ್ತದೆ. ನಿಮ್ಮ ಮಗಳು ಆ ಹೊಸ್ತಿಲಲ್ಲಿಯೇ ಇದ್ದಾಳೆ. ಮಲಗಿದ್ದಾಳೆಂದರೆ ಮಗು ನಿದ್ದೆಗೆ ಹೆದರಬಹುದು, ಊರಿಗೆ ಹೋಗಿದ್ದಾಳೆಂದರೆ ತನ್ನನ್ನು ಬಿಟ್ಟುಹೋದಳೆಂದು ನೊಂದುಕೊಳ್ಳಬಹುದು. ತನ್ನ ಹಟದಿಂದಲೇ ಅಜ್ಜಿ ಹೋದಳೆಂದು ಒಳಗೊಳಗೇ ನಂಬುವ ಮಕ್ಕಳೂ ಇದ್ದಾರೆ, ಅದನ್ನು ತಾವಾಗಿ ಬಾಯಿಬಿಟ್ಟು ಹೇಳುವುದಿಲ್ಲ.

ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕಾಗಿದ್ದರೆ ಅಥವಾ ಸಿಡುಕುತ್ತಿದ್ದರೆ, ಆಟವೇ ಬೇಡವೆಂದರೆ, ಊಟ ನಿದ್ದೆ ಕೆಟ್ಟರೆ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗಳು ಆಡುತ್ತಿದ್ದಾಳೆ, ಉಣ್ಣುತ್ತಿದ್ದಾಳೆ. ಇಂದು ರಾತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅಜ್ಜಿಯ ಮೈಗೆ ತುಂಬಾ ಹುಷಾರಿರಲಿಲ್ಲ, ಅವಳು ಸತ್ತುಹೋದಳು, ಇನ್ನು ಬರುವುದಿಲ್ಲ, ಅದಕ್ಕೆ ನೀನು ಕಾರಣವಲ್ಲ, ನನಗೂ ಅವಳ ನೆನಪಾಗಿ ಅಳು ಬರುತ್ತದೆ’ ಎಂದು ಹೇಳಿ. ಅಜ್ಜಿ ಯಾವಾಗ ಬರುತ್ತಾಳೆ ಎಂದು ಅವಳು ನಾಳೆಯೂ ಕೇಳಬಹುದು. ನಾಳೆಯೂ ಇದೇ ಮಾತುಗಳಲ್ಲಿ ಉತ್ತರಿಸಿ.