ಜೀನ್ಸ್ ಹೊಲಿಯುವ ಊರಿನಿಂದ ಸಂದರ್ಶನದ ಕೋಣೆಗೆ

ಈ ಸಂಚಿಕೆಗೆ ಆರಿಸಿಕೊಂಡಿರುವ ನಾಲ್ಕು ಪತ್ರಗಳೂ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಬಂದಿವೆ, ನಾಲ್ಕರ ವಿಷಯವೂ ಉದ್ಯೋಗದ ಸಂದರ್ಶನವೇ ಆಗಿದೆ. ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದುಕೊಂಡು ಹಲವು ವರ್ಷ ಮೇಜಿನ ಆಚೆ ಬದಿಯಲ್ಲಿ ಕುಳಿತವನ ಅನುಭವದಿಂದ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಕೆಲಸ ಸಿಗದೆ ಅಪ್ಪನ ಜೀನ್ಸ್ ಹೊಲಿಗೆ ಘಟಕದಲ್ಲೇ ಇದ್ದೇನೆ. ಈಗ ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯೊಂದರಿಂದ ಸಂದರ್ಶನಕ್ಕೆ ಕರೆ ಬಂದಿದೆ. ನಮ್ಮಲ್ಲೇ ಹೊಲಿದ ಹೊಸ ಕಪ್ಪು ಜೀನ್ಸ್ ತೊಟ್ಟು ಹೋಗಬಹುದೇ? ಗೆಳೆಯರು ಟೈ ಕಟ್ಟು ಎನ್ನುತ್ತಾರೆ. ಎರಡು ವರ್ಷ ಏನು ಮಾಡಿದೆ ಎಂದು ಕೇಳಿದರೆ ಏನು ಹೇಳಲಿ? ಹೊಲಿಗೆ ಕೆಲಸ ಎನ್ನಲು ಸಂಕೋಚವಾಗುತ್ತದೆ.
— ಹೆಸರು ಬೇಡವೆಂದ ಓದುಗ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಜೀನ್ಸ್ ಹುಟ್ಟಿದ್ದೇ ದುಡಿಮೆಗಾರರ ಉಡುಪಾಗಿ. ಜೇಬಿನ ಮೂಲೆ ಹರಿಯದಂತೆ ತಾಮ್ರದ ರಿವೆಟ್ ಬಡಿಯುವ ವಿಧಾನಕ್ಕೆ ಅಮೆರಿಕದಲ್ಲಿ 1873ರಲ್ಲಿ ಪೇಟೆಂಟ್ ದೊರೆತ ಕಾಲಕ್ಕೆ ಆ ಚಲ್ಲಣವನ್ನು ಕೊಳ್ಳುತ್ತಿದ್ದವರಲ್ಲಿ ಗಣಿಯಲ್ಲಿ ದುಡಿಯುವವರೂ ಇದ್ದರು. ಆ ಲೆಕ್ಕದಲ್ಲಿ ಗಣಿಗಳ ಜಿಲ್ಲೆಯಾದ ಬಳ್ಳಾರಿಗೂ ಜೀನ್ಸ್‌ಗೂ ಹಳೆಯ ಋಣಾನುಬಂಧವಿದ್ದಂತೆ ತೋರುತ್ತದೆ. ಆದರೂ ಸಂದರ್ಶನಕ್ಕೆ ಅದು ಬೇಡ. ಆಯ್ಕೆ ಸಮಿತಿಯಲ್ಲಿ ಐವತ್ತು ದಾಟಿದ ಹಿರಿಯರು ಒಬ್ಬರಾದರೂ ಇರುತ್ತಾರೆ. ಜೀನ್ಸ್ ಕಂಡೊಡನೆ 'ಈ ಹುಡುಗನಿಗೆ ಸಂದರ್ಶನವೆಂದರೆ ಸಂತೆಗೆ ಬಂದಂತೆ' ಎಂದು ಅವರಿಗೆ ಅನ್ನಿಸಿಬಿಡಬಹುದು. ಅದು ನ್ಯಾಯವಲ್ಲ ಎಂಬುದು ನನಗೂ ಗೊತ್ತು, ಆದರೆ ನಿಮಗೆ ದೊರೆಯುವ ಹತ್ತು ಹದಿನೈದು ನಿಮಿಷವನ್ನು ಅವರ ಅಭಿಪ್ರಾಯ ತಿದ್ದಲು ಖರ್ಚು ಮಾಡುವುದು ಜಾಣತನವಲ್ಲ.

ಗಾಢ ಬಣ್ಣದ ಸಾದಾ ಪ್ಯಾಂಟು, ತಿಳಿ ಬಣ್ಣದ ಪೂರ್ಣ ತೋಳಿನ ಅಂಗಿ, ಬೆಲ್ಟ್ ಮತ್ತು ಬೂಟು ಒಂದೇ ಬಣ್ಣದವು, ಇಷ್ಟು ಸಾಕು. ಅಂಗಿಯ ವಿಷಯದಲ್ಲಿ ಮಾತ್ರ ನಮ್ಮ ಬಿಸಿಲನ್ನು ಮರೆಯುವಂತಿಲ್ಲ. ತಿಳಿನೀಲಿ ಮತ್ತು ಬೂದು ಬಣ್ಣದ ಬಟ್ಟೆಯ ಮೇಲೆ ಬೆವರಿನ ಕಲೆ ದೂರದಿಂದಲೇ ಕಾಣುತ್ತದೆ, ಬಿಳಿಯ ಮೇಲೆ ಅಷ್ಟು ಕಾಣುವುದಿಲ್ಲ. ಪೂರ್ತಿ ಹತ್ತಿಯ ಅಂಗಿ ತಂಪೇನೋ ಹೌದು, ಆದರೆ ಬಸ್ಸಿನಲ್ಲಿ ಅರ್ಧ ಗಂಟೆ ಕುಳಿತರೆ ಬೆನ್ನು ಸುಕ್ಕಾಗುತ್ತದೆ. ಪೂರ್ತಿ ಪಾಲಿಯೆಸ್ಟರ್ ಸುಕ್ಕಾಗದಿದ್ದರೂ ಬೆವರನ್ನು ಒಳಗೇ ಹಿಡಿದಿಡುತ್ತದೆ. ಎರಡೂ ಬೆರೆತ ಬಟ್ಟೆ ಮಧ್ಯಮ ಮಾರ್ಗ. ಒಳಗೆ ಹತ್ತಿಯ ಬನಿಯನ್ ಇರಲಿ. ಇಲ್ಲಿ ಇನ್ನೊಂದು ಪೇಚು ಇದೆ. ಆ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಬೈಕಿನಲ್ಲಿ ಹೋದರೆ ಬಿಳಿ ಅಂಗಿಯ ಕಾಲರ್ ಕೆಂಪಗಾಗಿರುತ್ತದೆ. ಬಳ್ಳಾರಿ–ಹೊಸಪೇಟೆ ಮಾರ್ಗದಲ್ಲಿ ತೋರಣಗಲ್ಲು ರೈಲು ನಿಲ್ದಾಣವಿದೆ, ಬಸ್ಸೂ ಇದೆ. ಬೈಕೇ ಗತಿಯೆಂದರೆ ಹಳೆಯ ಅಂಗಿಯಲ್ಲಿ ಹೋಗಿ, ಅಲ್ಲಿ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಲ್ಮೆಟ್ಟಿನಿಂದ ಕೆದರಿದ ತಲೆ ಬಾಚಿಕೊಳ್ಳಿ.

ಡಿಪ್ಲೊಮಾ ಹುದ್ದೆಗೆ ಟೈ ಬೇಡ. ಅಭ್ಯಾಸವಿಲ್ಲದವನು ಟೈ ಕಟ್ಟಿದರೆ ಕೈ ಪದೇ ಪದೇ ಕುತ್ತಿಗೆಗೆ ಹೋಗುತ್ತದೆ, ಎದುರಿಗಿರುವವರ ಗಮನವೂ ಅಲ್ಲಿಗೇ ಹೋಗುತ್ತದೆ. ಹೊಸ ಬೂಟು ಕೊಂಡಿದ್ದರೆ ನಾಲ್ಕು ದಿನ ಮನೆಯಲ್ಲೇ ಹಾಕಿಕೊಂಡು ಓಡಾಡಿ. ಹಿಮ್ಮಡಿ ಕಚ್ಚಿಸಿಕೊಂಡು ಕುಂಟುತ್ತ ಒಳಗೆ ಬಂದ ಅಭ್ಯರ್ಥಿಗಳನ್ನು ನಾನು ಕಂಡಿದ್ದೇನೆ. ಅವರ ಮುಖದಲ್ಲಿದ್ದದ್ದು ಭಯವೋ ನೋವೋ ಎಂದು ತಿಳಿಯುತ್ತಿರಲಿಲ್ಲ.

ಇನ್ನು ನೀವು ಸಂಕೋಚಪಡುತ್ತಿರುವ ಆ ಎರಡು ವರ್ಷ. ನನ್ನ ದೃಷ್ಟಿಯಲ್ಲಿ ನಿಮ್ಮ ಬಳಿ ಇರುವ ಅತ್ಯುತ್ತಮ ಸಂಗತಿ ಅದೇ, ಅದನ್ನೇ ನೀವು ಮುಚ್ಚಿಡಲು ಹೊರಟಿದ್ದೀರಿ. ಘಟಕದಲ್ಲಿ ಎಷ್ಟು ಯಂತ್ರಗಳಿವೆ, ಕೆಟ್ಟಾಗ ದುರಸ್ತಿ ಮಾಡುವವರು ಯಾರು, ಎಣ್ಣೆ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಬೆಲ್ಟ್ ಲೂಪಿನ ದಪ್ಪ ಜಾಗದಲ್ಲಿ ಸೂಜಿ ಪದೇ ಪದೇ ಏಕೆ ಮುರಿಯುತ್ತದೆ ಎಂಬ ಪ್ರಶ್ನೆಗಳಿಗೆ ಕಾಲೇಜಿನಿಂದ ನೇರವಾಗಿ ಬಂದವನು ಉತ್ತರಿಸಲಾರ. ಕಾರ್ಖಾನೆಯ ಹೊಲಿಗೆ ಯಂತ್ರ ನಿಮಿಷಕ್ಕೆ ಐದು ಸಾವಿರದವರೆಗೆ ಹೊಲಿಗೆ ಹಾಕಬಲ್ಲದು. ಆ ವೇಗದಲ್ಲಿ ಸೂಜಿಗೂ ಕೆಳಗಿನ ಹುಕ್ಕಿಗೂ ಇರುವ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಏನಾಗುತ್ತದೆಂಬುದನ್ನು ಬಲ್ಲವನು ಬೇರಿಂಗ್, ಶಾಫ್ಟ್, ಗ್ರೀಸು ಎಂಬ ಮಾತಿಗೆ ಬೆದರಬೇಕಾಗಿಲ್ಲ. 'ಕೆಲಸ ಸಿಗಲಿಲ್ಲ, ಅದಕ್ಕೆ ಅಪ್ಪನಿಗೆ ಸಹಾಯ ಮಾಡುತ್ತಿದ್ದೆ' ಎನ್ನಬೇಡಿ. 'ನಮ್ಮ ಘಟಕದ ಇಷ್ಟು ಯಂತ್ರಗಳ ನಿರ್ವಹಣೆ ನನ್ನದು, ಕಳೆದ ತಿಂಗಳು ಇಂಥ ತೊಂದರೆ ಬಂದಿತ್ತು, ಹೀಗೆ ಸರಿಪಡಿಸಿದೆ' ಎನ್ನಿ. ಆದರೆ ನೀವು ನಿಜವಾಗಿಯೂ ಸ್ಕ್ರೂಡ್ರೈವರ್ ಹಿಡಿದಿದ್ದರೆ ಮಾತ್ರ. ಬರೀ ಲೆಕ್ಕ ಬರೆಯುತ್ತಿದ್ದರೆ ಅದನ್ನೇ ಹೇಳಿ. ಎರಡನೆಯ ಮರುಪ್ರಶ್ನೆಯಲ್ಲೇ ಸುಳ್ಳು ಸಿಕ್ಕಿಬೀಳುತ್ತದೆ.

ಓದಿನ ಸಿದ್ಧತೆಗೆ ಇಡೀ ಮೂರು ವರ್ಷದ ಪುಸ್ತಕ ಹರಡಿಕೊಳ್ಳಬೇಡಿ. ನಿಮ್ಮ ಬಯೋಡೇಟಾವೇ ನಿಮ್ಮ ಪಠ್ಯಕ್ರಮ. ಅದರಲ್ಲಿ ಬರೆದ ಪ್ರತಿ ಸಾಲಿನ ಮೇಲೂ ಮೂರು ಪ್ರಶ್ನೆ ಬರುತ್ತವೆಂದು ತಿಳಿದು ಕುಳಿತುಕೊಳ್ಳಿ. ಒಮ್ಮೆ ಒಬ್ಬ ಹುಡುಗನ ಬಯೋಡೇಟಾದಲ್ಲಿ ತಂದೆಯ ಹೆಸರೇ ಬೇರೆ ಇತ್ತು. ಝೆರಾಕ್ಸ್ ಅಂಗಡಿಯಲ್ಲಿ ಗೆಳೆಯನದನ್ನು ನಕಲು ಮಾಡಿಸುವಾಗ ಅಪ್ಪನನ್ನು ಬದಲಿಸಲು ಮರೆತಿದ್ದ! ನಾವು ನಕ್ಕೆವು, ಅವನು ಅತ್ತ. ಅಂತಿಮ ವರ್ಷದ ಪ್ರಾಜೆಕ್ಟನ್ನು ಗುಂಪಿನಲ್ಲಿ ಯಾರೇ ಮಾಡಿರಲಿ, ಅದು ಏನು, ಹೇಗೆ ನಡೆಯುತ್ತದೆ ಎಂಬುದನ್ನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಲು ನಿಮಗೆ ಬರಬೇಕು. ಜೊತೆಗೆ ಹೋಗುವ ಕಾರ್ಖಾನೆಯ ಕೆಲಸದ ಸ್ಥೂಲ ಪರಿಚಯವಿರಲಿ. ಬ್ಲಾಸ್ಟ್ ಫರ್ನೇಸಿಗೆ ಮೇಲಿನಿಂದ ಅದಿರು, ಕೋಕ್, ಸುಣ್ಣದ ಕಲ್ಲು ಬೀಳುತ್ತವೆ, ಕೆಳಗಿನಿಂದ ಬಿಸಿಗಾಳಿ ನುಗ್ಗುತ್ತದೆ. ಕರಗಿ ಹೊರಬರುವ ಕಬ್ಬಿಣದಲ್ಲಿ ಸುಮಾರು ಶೇ. 4ರಷ್ಟು ಇಂಗಾಲವಿರುತ್ತದೆ, ಆಮ್ಲಜನಕ ಊದಿ ಅದನ್ನು ತಗ್ಗಿಸಿದಾಗ ಉಕ್ಕಾಗುತ್ತದೆ. ಮೆಕ್ಯಾನಿಕಲ್ ಓದಿದವನಿಗೆ ಇದಕ್ಕಿಂತ ಹೆಚ್ಚಿನ ರಸಾಯನ ಕೇಳುವುದಿಲ್ಲ. ಅದಿರನ್ನು ಮೇಲಕ್ಕೆ ಸಾಗಿಸುವ ಕನ್ವೇಯರ್ ಒಂದು ಬದಿಗೆ ಏಕೆ ಸರಿಯುತ್ತದೆ, ಪಂಪು ಏಕೆ ನೀರೆತ್ತುವುದಿಲ್ಲ, ಇಂಥವನ್ನು ಕೇಳುತ್ತಾರೆ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಖಾಸಗಿ ಬ್ಯಾಂಕಿನ ಸ್ಥಳೀಯ ಶಾಖೆಯ ಹುದ್ದೆಗೆ ಸಂದರ್ಶನವಿದೆ. ಅವ್ವ ಇಳಕಲ್ ಸೀರೆ ಉಡು ಎನ್ನುತ್ತಾಳೆ, ಗೆಳತಿಯರು ಚೂಡಿದಾರವೇ ಸರಿ ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷಿನ ಅಂಜಿಕೆಯೇ ದೊಡ್ಡದಾಗಿದೆ.
— ಓದುಗಿ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಸೀರೆ ಉಟ್ಟು ಅಭ್ಯಾಸವಿದ್ದರೆ ಹತ್ತಿಯ ಇಳಕಲ್ ಸೀರೆಯಷ್ಟು ಘನವಾದ ಉಡುಪು ಬೇರೊಂದಿಲ್ಲ ಎಂದೇ ನನ್ನ ಮತ, ಸೆರಗನ್ನು ಮಡಿಸಿ ಹೆಗಲಿಗೆ ಪಿನ್ನು ಹಾಕಿದರೆ ಮುಗಿಯಿತು. ಆದರೆ ವರ್ಷಕ್ಕೊಮ್ಮೆ ಮದುವೆಗೆ ಉಡುವವರಾದರೆ ಅಂದು ನಿಮ್ಮ ಅರ್ಧ ಗಮನ ನೆರಿಗೆಯ ಮೇಲೆಯೇ ಇರುತ್ತದೆ. ಆಗ ಸಾದಾ ಚೂಡಿದಾರ, ಪಿನ್ನು ಹಾಕಿದ ದುಪಟ್ಟಾ ಮೇಲು. ಯಾವುದನ್ನೇ ಆರಿಸಿದರೂ ಹಿಂದಿನ ದಿನ ಅದನ್ನು ತೊಟ್ಟು, ಕುರ್ಚಿಯ ಮೇಲೆ ಕುಳಿತು ಎದ್ದು ನೋಡಿ. ಬಳೆ, ಕುಂಕುಮ ತೆಗೆಯಬೇಕೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇಂಗ್ಲಿಷಿನ ಬಗ್ಗೆ ನನ್ನ ಸಲಹೆ ಸ್ವಲ್ಪ ಕಟುವಾಗಿದೆ. 'ನಿಮ್ಮ ಬಗ್ಗೆ ಹೇಳಿ' ಎಂಬ ಪ್ರಶ್ನೆಗೆ ಗೈಡಿನಿಂದ ಬಾಯಿಪಾಠ ಮಾಡಿದ ಉತ್ತರ ಒಪ್ಪಿಸುವವರು ನಡುವೆ ಒಂದು ಪದ ಮರೆತರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಅದು ಮಗ್ಗಿ ಒಪ್ಪಿಸಿದಂತಿರುತ್ತದೆ. ಓದು, ಊರು, ಈ ಕೆಲಸ ಏಕೆ ಎಂಬಿಷ್ಟನ್ನು ನಿಮ್ಮದೇ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಹೇಳಲು ಕಲಿತುಕೊಳ್ಳಿ. ಮುಂದಿನ ಪ್ರಶ್ನೆ ಕಠಿಣವಾದರೆ 'ಕನ್ನಡದಲ್ಲಿ ಉತ್ತರಿಸಬಹುದೇ, ಸರ್' ಎಂದು ಕೇಳಿ. ಭತ್ತದ ರೈತರೊಂದಿಗೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳೊಂದಿಗೆ ವ್ಯವಹರಿಸಬೇಕಾದ ಶಾಖೆಗೆ ನಿಮ್ಮ ಕನ್ನಡ ಬೇಕಾದದ್ದೇ, ಹೊರೆಯಲ್ಲ. ಎಲ್ಲರೂ ಒಪ್ಪುತ್ತಾರೆಂದು ಭರವಸೆ ಕೊಡಲಾರೆ. ಆದರೆ ತಪ್ಪು ಇಂಗ್ಲಿಷಿನಲ್ಲಿ ಮುಳುಗುವುದಕ್ಕಿಂತ ಕೇಳುವುದು ಲೇಸು.

ವಿಷಯದಲ್ಲಿ ಮಾತ್ರ ಸಡಿಲವಿರಕೂಡದು. ಸಾಲದ ಕಂತು 90 ದಿನಕ್ಕೂ ಮೀರಿ ಬಾಕಿ ಉಳಿದರೆ ಅದು ಅನುತ್ಪಾದಕ ಸಾಲವಾಗುತ್ತದೆ ಎಂಬುದನ್ನು ಎಲ್ಲರೂ ಓದಿಕೊಂಡು ಬರುತ್ತಾರೆ. ಅಲ್ಪಾವಧಿ ಬೆಳೆಯ ಸಾಲಕ್ಕೆ ಆ ಅಳತೆ ಬೇರೆ, ಅಲ್ಲಿ ಎರಡು ಬೆಳೆ ಹಂಗಾಮು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಗಂಗಾವತಿಯವರಾದ ನೀವು ಸೇರಿಸಿದರೆ ಸಮಿತಿಯವರು ತಲೆಯೆತ್ತಿ ನೋಡುತ್ತಾರೆ. ಹಾಗೆಯೇ ನಿಮ್ಮ ಜಿಲ್ಲೆಯನ್ನು ಓದಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆಯ ರೈತರು ನಿದ್ದೆಗೆಟ್ಟಿದ್ದರು. ನೀರು ಹರಿದುಹೋದರೆ ಎರಡನೆಯ ಬೆಳೆಗೇನು, ಬೆಳೆ ಬಾರದಿದ್ದರೆ ಅಕ್ಕಿ ಗಿರಣಿಗೆ ಕೊಟ್ಟ ಸಾಲಕ್ಕೇನು? ಇಂಥ ಪ್ರಶ್ನೆಗೆ ನೀವು ಯಾವ ಪುಸ್ತಕವನ್ನೂ ತೆರೆಯಬೇಕಾಗಿಲ್ಲ, ಮನೆಯಲ್ಲಿ ಹಿರಿಯರನ್ನು ಕೇಳಿದರೆ ಸಾಕು.

ಪ್ರಶ್ನೆ: ಮಗನಿಗೆ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಸಂದರ್ಶನವಿದೆ. ನಾನೂ ಜೊತೆಗೆ ಹೋಗಲೇ? 371(ಜೆ) ಪ್ರಮಾಣಪತ್ರವನ್ನೂ ಫೈಲಿನಲ್ಲಿ ಇಡಿಸಬೇಕೇ?
— ತಂದೆ, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: 371(ಜೆ) ಮೀಸಲಾತಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಹುದ್ದೆಗಳಿಗೂ ಶಿಕ್ಷಣ ಸಂಸ್ಥೆಗಳ ಸೀಟುಗಳಿಗೂ ಸಂಬಂಧಿಸಿದ್ದು, ಖಾಸಗಿ ಕಂಪನಿ ಅದನ್ನು ಕೇಳುವುದಿಲ್ಲ. ಮೂಲ ಅಂಕಪಟ್ಟಿಗಳು, ಅವುಗಳ ಒಂದೆರಡು ಪ್ರತಿ, ಆಧಾರ್, ಭಾವಚಿತ್ರ, ಕರೆಪತ್ರ, ಇಷ್ಟಿರಲಿ. ಅಂದಹಾಗೆ ಕೇಂದ್ರ ಸರ್ಕಾರ ಗುಂಪು 'ಸಿ' ಮತ್ತು ಪತ್ರಾಂಕಿತವಲ್ಲದ ಗುಂಪು 'ಬಿ' ಹುದ್ದೆಗಳಿಗೆ 2016ರ ಜನವರಿ 1ರಿಂದಲೇ ಸಂದರ್ಶನ ಕೈಬಿಟ್ಟಿದೆ. ಅಂಥ ಹುದ್ದೆಗೆ 'ಸಂದರ್ಶನದಲ್ಲಿ ಪಾಸು ಮಾಡಿಸುತ್ತೇನೆ' ಎಂದು ಯಾರಾದರೂ ಹಣ ಕೇಳಿದರೆ ಅವರು ಮೋಸಗಾರರೇ.

ಜೊತೆಗೆ ಹೋಗುವುದಾದರೆ ಬೆಂಗಳೂರಿನವರೆಗೆ ಹೋಗಿ, ಕಂಪನಿಯ ಬಾಗಿಲವರೆಗೆ ಬೇಡ. ತಂದೆ ಹೊರಗೆ ಬಿಸಿಲಲ್ಲಿ ನಿಂತಿದ್ದಾರೆಂಬ ಯೋಚನೆ ಒಳಗಿರುವ ಮಗನ ತಲೆಯಲ್ಲಿ ಕೊರೆಯುತ್ತಿರುತ್ತದೆ. ರಾತ್ರಿ ಬಸ್ಸಿನಿಂದ ಇಳಿದು ನೇರವಾಗಿ ಸಂದರ್ಶನಕ್ಕೆ ಹೋಗುವುದಂತೂ ಬೇಡವೇ ಬೇಡ. ಬಸ್ಸು ತಡವಾದರೆ ಕಥೆ ಅಲ್ಲಿಗೇ ಮುಗಿಯಿತು. ಒಂದು ದಿನ ಮೊದಲೇ ತಲುಪಿ, ಬಂಧುಗಳ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದು, ಸಂಜೆ ಒಮ್ಮೆ ಕಂಪನಿಯ ಜಾಗ ನೋಡಿಕೊಂಡು ಬರಲಿ.

ಪ್ರಶ್ನೆ: ಪ್ರತಿದಿನ ವಿಭೂತಿ ಹಚ್ಚುತ್ತೇನೆ, ಗಡ್ಡವೂ ಇದೆ. ಸಂದರ್ಶನದ ದಿನ ಎರಡನ್ನೂ ತೆಗೆಯಬೇಕೇ?
— ಓದುಗ, ಕುಷ್ಟಗಿ

ಉತ್ತರ: ವಿಭೂತಿ ಅಳಿಸಬೇಕಾಗಿಲ್ಲ. ಪ್ರತಿದಿನದ ರೂಢಿಯನ್ನು ಅಂದು ಮಾತ್ರ ಮುಚ್ಚಿಟ್ಟು ಹೋದರೆ ನಿಮಗೇ ಮುಜುಗರವಾಗುತ್ತದೆ, ಹಣೆ ನೋಡಿ ಕೆಲಸ ಕೊಡುವ ಅಥವಾ ಬಿಡುವ ಕಡೆ ಬಹಳ ದಿನ ನಿಲ್ಲುವುದೂ ಕಷ್ಟ. ಗಡ್ಡ ಇರಬಹುದು, ಕತ್ತರಿಸಿ ಒಪ್ಪವಾಗಿರಬೇಕು. ನಾಲ್ಕು ದಿನ ಕ್ಷೌರ ಮಾಡದೆ ಬಿಟ್ಟದ್ದೂ ಗಡ್ಡವೇ ಎಂದು ವಾದಿಸಬೇಡಿ. ಬೇಸಿಗೆಯಾದರೆ ಒಳಗೆ ಕರೆಯುವ ಮುನ್ನ ಒಮ್ಮೆ ಕನ್ನಡಿ ನೋಡಿಕೊಳ್ಳಿ. ಬೆವರಿಗೆ ವಿಭೂತಿ ಕರಗಿ ಹುಬ್ಬಿನವರೆಗೆ ಇಳಿದಿರುತ್ತದೆ.