ಥೋರಿಯಂ ಇಂಧನ ಚಕ್ರ ಎಷ್ಟು ಪಕ್ವವಾಗಿದೆ?

ಪ್ರಶ್ನೆ: ಥೋರಿಯಂ ತಂತ್ರಜ್ಞಾನ ಈಗಾಗಲೇ ಸಿದ್ಧವಾಗಿದೆ ಎಂದು ಒಂದು ಉಪನ್ಯಾಸದಲ್ಲಿ ಕೇಳಿದೆ, ಇನ್ನೂ ದಶಕಗಳು ಬೇಕೆಂದು ಬೇರೆಡೆ ಓದಿದೆ. ಇಂತಹ ಪಕ್ವತೆಯನ್ನು ಅಳೆಯುವುದು ಹೇಗೆ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಾಸಾ ರೂಪಿಸಿದ, 1ರಿಂದ 9ರವರೆಗಿನ ‘ತಂತ್ರಜ್ಞಾನ ಸಿದ್ಧತಾ ಮಟ್ಟ’ ಎಂಬ ಅಳತೆಗೋಲನ್ನು ಪರಮಾಣು ಕ್ಷೇತ್ರದಲ್ಲೂ ಬಳಸುತ್ತಾರೆ; 1 ಎಂದರೆ ಬರಿಯ ಮೂಲತತ್ವ, 9 ಎಂದರೆ ನಿಜಬಳಕೆಯಲ್ಲಿ ಸಾಬೀತಾದದ್ದು. ಟಿಆರ್‌ಎಲ್ ಎಂಬ ಅದರ ಕಿರುಹೆಸರು ನಮ್ಮ ನಗರದ ಬಾಹ್ಯಾಕಾಶ ಮತ್ತು ರಕ್ಷಣಾ ಎಂಜಿನಿಯರುಗಳಿಗೆ ಚಿರಪರಿಚಿತ. ಆದರೆ ಇಂಧನ ಚಕ್ರವೆಂದರೆ ರಿಯಾಕ್ಟರ್ ಒಂದೇ ಅಲ್ಲ. ಇಂಧನದ ತಯಾರಿಕೆ, ಉರಿದ ಇಂಧನದ ಮರುಸಂಸ್ಕರಣೆ, ಮರಳಿ ಇಂಧನವಾಗಿಸುವಿಕೆ, ತ್ಯಾಜ್ಯದ ವಿಲೇವಾರಿ ಎಲ್ಲವೂ ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ಅತ್ಯಂತ ಹಿಂದುಳಿದ ಹಂತ ಯಾವ ಮಟ್ಟದಲ್ಲಿದೆಯೋ ಇಡೀ ಚಕ್ರವೂ ಅದೇ ಮಟ್ಟದಲ್ಲಿದೆ ಎಂದೇ ನಾನು ಎಣಿಸುತ್ತೇನೆ. ಸರಾಸರಿ ತೆಗೆದರೆ ದಾರಿ ತಪ್ಪುತ್ತೇವೆ.

ಥೋರಿಯಂ ನೇರವಾಗಿ ಇಂಧನವಲ್ಲ; ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹೀರಿ ಅದು ಯುರೇನಿಯಂ-233 ಎಂಬ ಇಂಧನವಾಗಿ ಮಾರ್ಪಡುತ್ತದೆ. ತೊಡಕಿರುವುದು ಅದನ್ನು ಬೇರ್ಪಡಿಸುವ ಮರುಸಂಸ್ಕರಣೆಯಲ್ಲಿ. ಥೋರಿಯಂ ಆಕ್ಸೈಡ್ ಬರಿಯ ನೈಟ್ರಿಕ್ ಆಮ್ಲದಲ್ಲಿ ಸುಲಭವಾಗಿ ಕರಗುವುದಿಲ್ಲ. ಸ್ವಲ್ಪ ಫ್ಲೋರೈಡ್ ಬೆರೆಸಬೇಕು. ಆ ಫ್ಲೋರೈಡ್ ಉಕ್ಕಿನ ಪಾತ್ರೆಯನ್ನೇ ಕೊರೆಯುವುದರಿಂದ, ಅದನ್ನು ಹಿಡಿದಿಡಲು ಅಲ್ಯೂಮಿನಿಯಂ ನೈಟ್ರೇಟನ್ನೂ ಹಾಕಬೇಕಾಗುತ್ತದೆ. ಬೇರ್ಪಟ್ಟು ಬರುವ ಯುರೇನಿಯಂ-233ರ ಜೊತೆ ಯುರೇನಿಯಂ-232 ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಇದರ ಕ್ಷಯಸರಣಿಯಲ್ಲಿ ಹುಟ್ಟುವ ಥ್ಯಾಲಿಯಂ-208, 2.6 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ, ಆಳಕ್ಕೆ ನುಗ್ಗುವ ಗಾಮಾ ಕಿರಣ ಸೂಸುತ್ತದೆ. ಆದ್ದರಿಂದ ದೊಡ್ಡ ಪ್ರಮಾಣದಲ್ಲಿ ಹೊಸ ಇಂಧನವನ್ನು ದಪ್ಪ ಗೋಡೆಗಳಾಚೆಯಿಂದ, ದೂರನಿಯಂತ್ರಿತ ಯಂತ್ರಗಳಿಂದಲೇ ಮಾಡಬೇಕು. ತಮಿಳುನಾಡಿನ ಕಲ್ಪಾಕ್ಕಂನಲ್ಲಿ 1996ರಿಂದ ಇರುವ ‘ಕಾಮಿನಿ’ ಎಂಬ ಸಂಶೋಧನಾ ರಿಯಾಕ್ಟರ್ ಯುರೇನಿಯಂ-233ರಿಂದಲೇ ನಡೆಯುತ್ತದೆ, ಇದು ಹೆಮ್ಮೆಯ ಸಾಧನೆ. ಆದರೆ ಅದರ ಸಾಮರ್ಥ್ಯ 30 ಕಿಲೋವ್ಯಾಟ್ ಮಾತ್ರ.

ದ್ರವ ಸೋಡಿಯಂನಿಂದ ತಂಪಾಗುವ, ವೇಗದ ನ್ಯೂಟ್ರಾನುಗಳಿಂದ ನಡೆಯುವ ‘ವೇಗದ ರಿಯಾಕ್ಟರುಗಳು’ ಥೋರಿಯಂ ಚಕ್ರಕ್ಕಿಂತ ಬಹಳ ಮುಂದಿವೆ. ರಷ್ಯಾದ ಬಿಎನ್-600 1980ರಿಂದ ವಿದ್ಯುತ್ ಕೊಡುತ್ತಿದೆ. ಅದೇ ಬಗೆಯ ಜಪಾನಿನ ಮೊಂಜು ಮಾತ್ರ 1995ರ ಸೋಡಿಯಂ ಸೋರಿಕೆಯ ಬಳಿಕ ಚೇತರಿಸಿಕೊಳ್ಳಲೇ ಇಲ್ಲ. ಒಂದು ದೇಶ ಗಳಿಸಿದ ಮಟ್ಟ ಇನ್ನೊಂದಕ್ಕೆ ತಾನಾಗಿ ದಕ್ಕುವುದಿಲ್ಲ. ಕಲ್ಪಾಕ್ಕಂನ ಚಿಕ್ಕ ವೇಗದ ರಿಯಾಕ್ಟರ್ 1985ರಲ್ಲೇ ಚಾಲೂ ಆಗಿದ್ದರೂ, 2004ರಲ್ಲಿ ಕಟ್ಟಲಾರಂಭಿಸಿದ 500 ಮೆಗಾವ್ಯಾಟ್ ಘಟಕಕ್ಕೆ ಇಂಧನ ತುಂಬುವ ಹಂತ ತಲುಪಲು 2024 ಬರಬೇಕಾಯಿತು.

ಅಮೆರಿಕ 1960ರ ದಶಕದಲ್ಲೇ ಥೋರಿಯಂ ರಿಯಾಕ್ಟರ್ ನಡೆಸಿತ್ತಲ್ಲ ಎಂಬ ವಾದವನ್ನೂ ನೀವು ಕೇಳಿರಬಹುದು. ಓಕ್ ರಿಡ್ಜ್‌ನಲ್ಲಿ 1965ರಿಂದ 1969ರವರೆಗೆ ನಡೆದ ಆ ದ್ರವಲವಣ (ಕರಗಿದ ಲವಣದಲ್ಲಿ ಇಂಧನ ಬೆರೆತಿರುವ) ರಿಯಾಕ್ಟರಿನ ಇಂಧನದಲ್ಲಿ ಥೋರಿಯಂ ಇರಲಿಲ್ಲ. ಕೊನೆಗೆ ಬಳಸಿದ ಯುರೇನಿಯಂ-233 ಕೂಡ ಬೇರೆಡೆ ತಯಾರಾಗಿ ಬಂದದ್ದು.