ಬುದ್ಧಿಯನ್ನು ಚರ್ಚಿನ ಬಾಗಿಲಲ್ಲೇ ಬಿಟ್ಟು ಬರಬೇಕೆ?

ಬೈತಖೋಲದ ಓದುಗ ಸಹೋದರಿಯೊಬ್ಬರು ಬರೆಯುತ್ತಾರೆ: "ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ಅಮ್ಮ ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾರೆ. ಅವರಿಗೆ ಓದು ಬರಹ ಬಾರದು, ಆದರೆ ಒಂದು ದಿನವೂ ಜಪಸರ ತಪ್ಪಿಸಿದವರಲ್ಲ. ಬೈಬಲ್ ತರಗತಿಯಲ್ಲಿ ನಾನು ಪ್ರಶ್ನೆ ಕೇಳಿದ್ದಕ್ಕೆ, ಕಲಿಸುವವರು 'ಅಮ್ಮನ ಸರಳ ವಿಶ್ವಾಸ ನೋಡಿ ಕಲಿ, ಬುದ್ಧಿ ಹೆಚ್ಚಾದರೆ ಅಹಂಕಾರ' ಎಂದರು. ದೇವರು ಜ್ಞಾನಿಗಳಿಗೆ ಮರೆಮಾಡಿ ಮಕ್ಕಳಿಗೆ ತೋರಿಸಿದರು ಎಂಬ ವಾಕ್ಯವನ್ನೂ ಓದಿದರು. ಕೇಳುವುದನ್ನು ನಿಲ್ಲಿಸಬೇಕೆ?"

ಪ್ರಿಯ ಸಹೋದರಿ,

ನಿಲ್ಲಿಸಬೇಡಿ. ಆದರೆ ನಿಮಗೆ ಹೇಳಿದ ಮಾತಿನಲ್ಲಿ ಸತ್ಯದ ಒಂದು ಪಾಲಿದೆ, ಅದನ್ನೂ ಬಿಡಬೇಡಿ.

ಆ ವಾಕ್ಯ ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯದ 25ನೆಯದು. ಅದೊಂದನ್ನೇ ಓದಿದರೆ ಯೇಸುಸ್ವಾಮಿ ಓದಿದವರನ್ನು ದೂರ ತಳ್ಳಿದಂತೆ ಕಾಣುತ್ತದೆ. 20ನೇ ವಾಕ್ಯದಿಂದ ಓದಿಕೊಂಡು ಬನ್ನಿ. ಖೊರಾಜಿನ್, ಬೆತ್ಸಾಯಿದ, ಕಫೆರ್ನವುಮ್ ಊರಿನವರು ಅದ್ಭುತಗಳನ್ನು ಕಣ್ಣಾರೆ ಕಂಡರು, ಬದುಕು ಮಾತ್ರ ತಿದ್ದಿಕೊಳ್ಳಲಿಲ್ಲ. ಆ ಗದರಿಕೆಯ ಬೆನ್ನಿಗೇ ಈ ಮಾತು ಬರುತ್ತದೆ. ಕಂಡ ಸತ್ಯಕ್ಕೂ ತಲೆಬಾಗದ ಜಾಣತನವನ್ನು ಸ್ವಾಮಿ ಖಂಡಿಸಿದ್ದಾರೆ, ತಿಳಿಯಬೇಕೆಂದು ಕೇಳುವವರನ್ನಲ್ಲ.

ಸಂತ ಪೌಲರ ಮಾತಿನದೂ ಇದೇ ಕಥೆ. ಕೊರಿಂಥ ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ಅಲ್ಲಿಯ ವಿಶ್ವಾಸಿಗಳು "ನಾನು ಪೌಲನವನು, ನಾನು ಅಪೊಲ್ಲೋಸನವನು" ಎಂದು ತಮಗೆ ಬೋಧಿಸಿದವರ ಹೆಸರಿನಲ್ಲಿ ಪಂಗಡ ಕಟ್ಟಿಕೊಂಡು ಮೆರೆಯುತ್ತಿದ್ದರು. ಲೋಕದ ಜ್ಞಾನ ದೇವರ ಮುಂದೆ ಹುಚ್ಚುತನ ಎಂದು ಪೌಲರು ಕೊರಿಂಥದವರಿಗೆ ಕಳಿಸಿದ ಮೊದಲ ಪತ್ರದಲ್ಲಿ ಬರೆದದ್ದು ಇವರಿಗೆ. ಅದೇ ಪತ್ರದ 14ನೇ ಅಧ್ಯಾಯದ 20ನೇ ವಾಕ್ಯದಲ್ಲಿ, ಕೆಡುಕಿನ ಮಟ್ಟಿಗೆ ಶಿಶುಗಳಾಗಿರಿ, ಬುದ್ಧಿಯಲ್ಲಿ ಮಾತ್ರ ಬೆಳೆದವರಾಗಿರಿ ಎನ್ನುತ್ತಾರೆ. ಮೊದಲನೆಯದನ್ನು ಹೇಳುವವರು ಎರಡನೆಯದನ್ನೂ ಹೇಳಬೇಕು.

ಇನ್ನು ನಿಮ್ಮ ಅಮ್ಮ. ಅವರ ವಿಶ್ವಾಸ ಸರಳ ಎಂದರೆ ಬುದ್ಧಿ ಕಡಿಮೆ ಎಂದು ಯಾರೂ ತಿಳಿಯದಿರಲಿ. ಬಂಗಡೆಯ ಕಿವಿರು ಎತ್ತಿ ಕೆಂಪು ನೋಡುವುದು, ಕಣ್ಣು ತಿಳಿಯಾಗಿದೆಯೇ ಒಳಕ್ಕಿಳಿದಿದೆಯೇ ಎಂದು ನೋಡುವುದು, ಬೆರಳಿನಿಂದ ಒತ್ತಿದ ಕುಳಿ ಮತ್ತೆ ಮೇಲೇಳುತ್ತದೆಯೇ ಎಂದು ಪರೀಕ್ಷಿಸುವುದು, ಇದೆಲ್ಲ ಮೀನು ಮಾರುವವರಿಗೆ ಕ್ಷಣದ ಕೆಲಸ. ಐಸು ಸುರಿದಿದ್ದಾರೆಂದು ಅವರು ಮೋಸ ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನದ ಖರ್ಚನ್ನು ಮೇ ಮುಗಿಯುವುದರೊಳಗೆ ಲೆಕ್ಕ ಹಾಕಿಡಬೇಕು. ಇಷ್ಟು ಲೆಕ್ಕ ಬಲ್ಲವರು ಸಂಜೆ ಜಪಸರ ಹಿಡಿದು, ನನ್ನ ಲೆಕ್ಕಕ್ಕೆ ಸಿಗದ್ದು ನಿನ್ನ ಕೈಯಲ್ಲಿದೆ ಎಂದು ದೇವರ ಮುಂದೆ ಕೂರುತ್ತಾರಲ್ಲ, ದೀನತೆ ಅಂದರೆ ಅದು.

ಓದಿದವರಿಗೂ ಅದು ಸಾಧ್ಯ. ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜ್ ಗೋವದಲ್ಲಿ ದೈವಶಾಸ್ತ್ರ ಓದಿದ ಗುರುಗಳು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಸಿಲೋನಿಗೆ ಹೋದರು, ಅಲ್ಲಿಯ ಜನರ ಭಾಷೆಗಳನ್ನು ಕಲಿತರು. ಕಲಿತ ತಲೆ ಸೇವೆಗೆ ಬಂತು.

ನಿಮಗೆ ಒಂದು ರೂಢಿ ಹೇಳುತ್ತೇನೆ. ದಿನಕ್ಕೆ ಹದಿನೈದು ನಿಮಿಷ, ಹತ್ತು ವಾಕ್ಯಕ್ಕಿಂತ ಹೆಚ್ಚು ಬೇಡ. ಮೊದಲು ಗಟ್ಟಿಯಾಗಿ ಓದಿ. ಅರ್ಥವಾಗದ್ದನ್ನು ನೋಟುಪುಸ್ತಕದ ಎಡಪುಟದಲ್ಲಿ ಬರೆಯಿರಿ. ಬಲಪುಟದಲ್ಲಿ, ಅರ್ಥವಾದದ್ದರಲ್ಲಿ ಇಂದು ಸಂಜೆಯೊಳಗೆ ಮಾಡಬೇಕಾದ ಒಂದೇ ಕೆಲಸ: ಯಾರ ಕ್ಷಮೆ ಕೇಳಬೇಕು, ಯಾವ ಸಾಲ ತೀರಿಸಬೇಕು. ವ್ಯಾಖ್ಯಾನ ತೆರೆಯುವುದು ಆಮೇಲೆ. ಮೊದಲೇ ತೆರೆದರೆ ಬೇರೆಯವರ ಉತ್ತರ ತಲೆಗೆ ಹತ್ತುತ್ತದೆ, ವಾಕ್ಯ ನಮ್ಮನ್ನು ಮುಟ್ಟುವುದೇ ಇಲ್ಲ. ಎಡಪುಟ ತುಂಬುತ್ತ ಬಲಪುಟ ಖಾಲಿ ಉಳಿದರೆ, ತರಗತಿಯಲ್ಲಿ ನಿಮಗೆ ಹೇಳಿದ ಮಾತು ನಿಜವಾಗತೊಡಗಿದೆ ಎಂದು ತಿಳಿಯಿರಿ. ತಿಂಗಳಿಗೊಮ್ಮೆ ಎಡಪುಟದಿಂದ ಎರಡೋ ಮೂರೋ ಪ್ರಶ್ನೆ ಆರಿಸಿ ಗುರುಗಳ ಬಳಿ ಒಯ್ಯಿರಿ. ಎಲ್ಲರೆದುರು ಕೇಳಿದರೆ ಅದು ವಾದಕ್ಕೆ ತಿರುಗುವುದುಂಟು.

ಸರಳ ವಿಶ್ವಾಸಕ್ಕೂ ಒಂದು ಅಪಾಯವಿದೆ, ಅಲ್ಲಿ ನಿಮ್ಮ ಓದು ಮನೆಗೆ ಕಾವಲಾಗಲಿ. ಹಣ ಕೊಟ್ಟರೆ ಮಾತ್ರ ಪ್ರಾರ್ಥನೆ ಎನ್ನುವವರು, ಹನ್ನೊಂದು ಜನರಿಗೆ ಕಳಿಸದಿದ್ದರೆ ಕೇಡು ಎಂಬ ವಾಟ್ಸಾಪ್ ಸಂದೇಶ, ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರೇ ವಿಶ್ವಾಸ ಎನ್ನುವ ಬೋಧನೆ, ಇವನ್ನು ನಿಲ್ಲಿಸುವುದು ನಿಮ್ಮ ಕೆಲಸ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದು ಎಂದು ನಮ್ಮ ಕಥೋಲಿಕ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುತ್ತದೆ. ಅದನ್ನು ಅಮ್ಮನಿಗೆ ಓದಿ ಹೇಳಿ.

ನಿಷೇಧದ ಆ ಎರಡು ತಿಂಗಳಲ್ಲಿ ಅಮ್ಮನಿಗೆ ಸ್ವಲ್ಪ ಬಿಡುವು ಇದ್ದೀತು. ಆಗ ಸಂಜೆ ಹತ್ತು ವಾಕ್ಯ ಅವರಿಗೂ ಕೇಳುವಂತೆ ಓದಿ. ಅರ್ಥ ಹೇಳಲು ಹೋಗಬೇಡಿ. ಅವರು ಏನು ಹೇಳುತ್ತಾರೋ ಅದನ್ನು ಬಲಪುಟದಲ್ಲಿ ಬರೆದಿಡಿ.

— ಸಂಪಾದಕ